ಕೇಳುವವರನ್ನು ಹರಿಶ್ಚಂದ್ರ ಮಾಡಬೇಡ ಪುಟ್ಟಿ

ಪುಟ್ಟಿ, ಅತ್ತೆ ಮಾತಾಡುತ್ತಿದ್ದೇನೆ, ದಾವಣಗೆರೆಯಿಂದ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳು. ರಾಘವಾಂಕನ ಹರಿಶ್ಚಂದ್ರ ಕಾವ್ಯದಿಂದ ಕೇಳಿ ಆಡುವ ಆಟ ಮಾಡುತ್ತೇನೆ, ನಡುನಡುವೆ ಕಥೆ ನಿಂತು ‘ಈಗ ಏನು ಮಾಡುತ್ತೀರಿ’ ಅಂತ ಕೇಳುತ್ತದೆ, ಕೇಳುವವರೇ ಹರಿಶ್ಚಂದ್ರ ಅಂತ ಗ್ರೂಪಿಗೆ ಹಾಕಿದ್ದೀಯಲ್ಲ. ಆಟ ಮಾಡು. ಆದರೆ ಅವರನ್ನು ಹರಿಶ್ಚಂದ್ರ ಮಾತ್ರ ಮಾಡಬೇಡ. ಅವನ ಹತ್ತಿರ ಇರುವುದು ಒಂದೇ ಉತ್ತರ, ಅಲ್ವಾ? ಸುಳ್ಳು ಹೇಳುತ್ತೀಯಾ ಅಂದರೆ ಇಲ್ಲ. ರಾಜ್ಯ ಉಳಿಸಿಕೊಳ್ಳುತ್ತೀಯಾ ಅಂದರೆ ಇಲ್ಲ. ಇದರಲ್ಲಿ ಆಡುವುದೇನು?

ಎಂಬತ್ತು ದಿನದಲ್ಲಿ ಭೂಮಿ ಸುತ್ತುವ ಜೂಲ್ಸ್ ವರ್ನ್ ಕಾದಂಬರಿ ಇದೆಯಲ್ಲ, ಅದರಿಂದ 2014ರಲ್ಲಿ ಇಂಗ್ಲೆಂಡಿನ ಇಂಕಲ್ ಅನ್ನುವವರು ‘80 ಡೇಸ್’ ಅಂತ ಆಟ ಮಾಡಿದರು. ಅದು ಓದಿ ಆಡುವುದು, ಕೇಳುವುದಲ್ಲ. ಆದರೂ ಅವರ ಉಪಾಯ ನೋಡು. ಆಡುವವರು ಅಲ್ಲಿ ಧಣಿ ಫಾಗ್ ಅಲ್ಲ, ಅವನ ಆಳು ಪಾಸ್‌ಪಾರ್ಟೂ. ಸಾಮಾನು, ದಾರಿ, ದುಡ್ಡು ಎಲ್ಲ ಅವನ ತಲೆಮೇಲೆ.

ನಿನಗೂ ಅಂಥವನೊಬ್ಬ ಇದ್ದಾನೆ. ನಕ್ಷತ್ರಿಕ! ಸಾಲ ವಸೂಲಿಗೆ ವಿಶ್ವಾಮಿತ್ರ ಕಳಿಸಿದವನು, ಕಾಶಿವರೆಗೂ ಬೆನ್ನು ಬಿಡದವನು. ರಾಜ ಸುಸ್ತಾಗಿ ಕೂತಾಗ ಇನ್ನಷ್ಟು ಕಾಡಬೇಕೋ, ಸುಮ್ನೆ ಇರಬೇಕೋ? ಗುರುವಿಗೆ ಏನು ಹೇಳಬೇಕು? ಕಥೆಯ ಕೊನೆ ಬದಲಾಗದಿದ್ದರೂ ಇವನ ಮನಸ್ಸು ಬದಲಾಗಬಹುದು. ದಿನಾ ಸಾಲದವರ ಫೋನ್ ಬರುವ ಕಾಲ ಇದು, ಜನ ಇವನನ್ನು ಬೇಗ ಗುರುತು ಹಿಡಿಯುತ್ತಾರೆ ಬಿಡು.

ಅದಕ್ಕೂ ಮುಂಚೆ ಆ ಅನಾಮಿಕ ಹೆಣ್ಣುಮಕ್ಕಳು, ಅಂದರೆ ಮುಟ್ಟಬಾರದು ಅಂತ ದೂರ ಇಟ್ಟ ಕುಲದವರು, ಬರುತ್ತಾರಲ್ಲ, ಅಲ್ಲಿ ಜಾಸ್ತಿ ಹೊತ್ತು ನಿಲ್ಲು. ಅವರ ಹಾಡಿಗೆ ರಾಜ ಮೆಚ್ಚುತ್ತಾನೆ. ರಾಜತನದ ಗುರುತಾದ ಅವನ ಕೊಡೆ ಕೇಳಿದರೆ ಕೊಡುವುದಿಲ್ಲ. ಮದುವೆಯಾಗು ಅಂದರೆ ಕುಲದ ಮಾತು ತೆಗೆಯುತ್ತಾನೆ. ಅವರು ಬಿಡುತ್ತಾರಾ? ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ, ನಮ್ಮ ಜೊತೆ ಆಡಿದ ಬಾಯಿಗೆ ಆಗದ ಮೈಲಿಗೆ ಮುಟ್ಟಿದರೆ ಮಾತ್ರ ಆಗುತ್ತದಾ ಅಂತ ಕೇಳುತ್ತಾರೆ. ಇಲ್ಲಿ ಆಟ ಆಡುವವರು ಆ ಹೆಣ್ಣುಮಕ್ಕಳೇ ಆಗಲಿ. ರಾಜ ಒಂದೊಂದು ನೆಪ ಹೇಳಿದ ಹಾಗೆ ಎದುರುಮಾತು ಆರಿಸಲಿ. ಬರೀ ಕಿವಿಯಲ್ಲಿ ನಡೆಯುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ಕಾವ್ಯದಲ್ಲಿ ಇಲ್ಲ. ಅವನು ಸತ್ಯವಂತನೇ ಇರಬಹುದು, ಇಲ್ಲಿ ಮಾತ್ರ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಆಯ್ಕೆ ಎರಡೇ ಇಡು. ಮೂರನೆಯದು ಹೇಳುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದೆ. ಉತ್ತರ ಬಾಯಲ್ಲಿ ಹೇಳುವ ಹಾಗಿರಲಿ, ಕಣ್ಣು ಮಂಜಾದ ನಿಮ್ಮ ತಾತನೂ ಆಡುತ್ತಾರೆ. ಷಟ್ಪದಿಯನ್ನು ಗಮಕದವರ ಹಾಗೆ ಮೊದಲು ರಾಗದಲ್ಲಿ ಓದಿಸು, ಆಮೇಲೆ ಅರ್ಥ, ಪ್ರಶ್ನೆ ಅದಾದ ಮೇಲೆ. ಕಂಪನಿ ನಾಟಕದ ಗಂಟಲು ಬೇಡ. ಇಯರ್‌ಫೋನಿನಲ್ಲಿ ಕಿವಿ ಹರಿದುಹೋಗುತ್ತದೆ.

ದುರ್ಗದ ಭಾವ ತ.ರಾ.ಸು. ಕಾದಂಬರಿ ‘ದುರ್ಗಾಸ್ತಮಾನ’ ಮಾಡು ಅಂದಿದ್ದಾರೆ. ಆಸೆ ನನಗೂ ಇದೆ. ಆದರೆ ತ.ರಾ.ಸು. ತೀರಿಕೊಂಡಿದ್ದು 1984ರಲ್ಲಿ. ಲೇಖಕರು ಹೋದಮೇಲೂ 60 ವರ್ಷ ಹಕ್ಕು ಇರುತ್ತದೆ, ಅಂದರೆ 2044 ಮುಗಿಯುವವರೆಗೆ ಅನುಮತಿ ಬೇಕು. ರಾಘವಾಂಕನಿಗೆ ಆ ತಾಪತ್ರಯ ಇಲ್ಲ. ಈಗಿನವರು ಮಾಡಿದ ಗದ್ಯಾನುವಾದ ಮಾತ್ರ ಎತ್ತಿಕೊಳ್ಳಬೇಡ, ನೀನೇ ಬರೆ.

ನಕ್ಷತ್ರಿಕನ ದನಿಗೆ ಭಾವನನ್ನೇ ಕೇಳು. ಕೊಟ್ಟ ದುಡ್ಡು ವಾಪಸ್ ಕೇಳುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಮನೆತನದಲ್ಲೇ ಇಲ್ಲ. ಭಾವ, ಬೇಜಾರು ಮಾಡಿಕೊಳ್ಳಬೇಡಿ.