ಸಹಾಯ ಬೇಕು: ಫೋನಿನ ವಿಡಿಯೊವನ್ನು ಹಳೆಯ ಟಿವಿಯಲ್ಲಿ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿರುವ ನಮ್ಮ ಅಜ್ಜಿಗೆ ಮೊಮ್ಮಗಳ ಮದುವೆಗೆ ಬರಲಾಗಲಿಲ್ಲ. ಧಾರೆಯ ವಿಡಿಯೊ ನನ್ನ ಫೋನಿನಲ್ಲಿದೆ. ಪೊರೆ ಬಂದ ಕಣ್ಣಿಗೆ ಅಷ್ಟು ಚಿಕ್ಕ ಪರದೆ ಸಾಲದು; ಬೆರಳಿನಿಂದ ಗಾಜು ಸವರಿ, ‘ಇವಳೇನಾ ನಮ್ಮ ಹುಡುಗಿ?’ ಎನ್ನುತ್ತಾರೆ.

ಟಿವಿಗೆ ವೈಫೈ ಇಲ್ಲ. ಎಚ್‌ಡಿಎಂಐ, ಯುಎಸ್‌ಬಿ ಇವೆ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಕೇಬಲ್ ತಂದೆ, ‘ನೋ ಸಿಗ್ನಲ್’ ಎಂದಿತು. ಫೋನಿನಲ್ಲಿ ಡಿಸ್‌ಪ್ಲೇಪೋರ್ಟ್ (ಟೈಪ್-ಸಿ ಮೂಲಕ ಚಿತ್ರವನ್ನು ಹೊರಗೆ ಕಳಿಸುವ) ಸೌಲಭ್ಯವಿಲ್ಲದಿದ್ದರೆ ಆ ಕೇಬಲಿನಿಂದ ಪ್ರಯೋಜನವಿಲ್ಲವೆಂದು ಆಮೇಲೆ ತಿಳಿಯಿತು. ಪೆನ್‌ಡ್ರೈವ್‌ಗೆ ಹಾಕಿದರೆ ಓಲಗ ಕೇಳುತ್ತದೆ, ಚಿತ್ರ ಬರುವುದಿಲ್ಲ. ವಿಡಿಯೊ ಎಚ್.265 ಎಂಬ ಹೊಸ ಫಾರ್ಮ್ಯಾಟ್‌ನಲ್ಲಿದೆ; ಹಳೆಯ ಟಿವಿಗೆ ಅದು ಓದಲು ಬರುವುದಿಲ್ಲವೇನೋ. ಕಂಪ್ಯೂಟರ್ ಇಲ್ಲದೆ ಫೋನಿನಲ್ಲೇ ಅದಕ್ಕಿಂತ ಹಳೆಯ ಎಚ್.264 ಫಾರ್ಮ್ಯಾಟ್‌ಗೆ ಬದಲಿಸಬಹುದೇ? ಮುಖಗಳು ಮಸುಕಾಗಬಾರದು. ದಯವಿಟ್ಟು ತಿಳಿಸಿ, ಭಾನುವಾರದೊಳಗೆ ಅಜ್ಜಿಗೆ ತೋರಿಸಬೇಕು.