ಐಎಸ್‌ಒ ಫೈಲ್‌ನಿಂದ ವಿಂಡೋಸ್ ಹಾಕುವಾಗ ನಡುವೆಯೇ ನಿಲ್ಲುತ್ತಿದೆ: ಮತ್ತೆ ಡೌನ್‌ಲೋಡ್ ಮಾಡಲೇಬೇಕೆ?

ಪ್ರಶ್ನೆ:
ಮೇಡಂ, ನಮಸ್ಕಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ನನ್ನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಅನ್ನು ಹೊಸದಾಗಿ ಹಾಕಲು ಹೊರಟಿದ್ದೇನೆ. ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ (ಇಡೀ ಇನ್‌ಸ್ಟಾಲ್ ಡಿಸ್ಕನ್ನು ಅಡಕವಾಗಿಸಿದ ಒಂದೇ ಫೈಲು) ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶ ಬಳಸಿ 64 ಜಿಬಿಯ ಪೆನ್‌ಡ್ರೈವ್‌ಗೆ ಬರೆದೆ. ಅದರಿಂದ ಬೂಟ್ ಆಗುತ್ತದೆ, ಭಾಷೆ ಕೇಳುತ್ತದೆ, ಡಿಸ್ಕ್ ಆರಿಸಲೂ ಬಿಡುತ್ತದೆ. ಆದರೆ ಫೈಲುಗಳು ಇಳಿಯುವ ಹಂತದಲ್ಲಿ, ಬೇಕಾದ ಫೈಲುಗಳನ್ನು ಹಾಕಲಾಗುತ್ತಿಲ್ಲ, ಫೈಲ್ ಕೆಟ್ಟಿರಬಹುದು ಅಥವಾ ಇಲ್ಲದಿರಬಹುದು ಎಂಬ ಅರ್ಥದ ಸಂದೇಶ ಬಂದು ನಿಂತುಬಿಡುತ್ತದೆ. ಜೊತೆಯಲ್ಲಿರುವ ದೋಷಸಂಖ್ಯೆಯ ಕೊನೆಯ ಅಂಕಿಗಳು 80070570. ಪರಿಚಿತರೊಬ್ಬರು ಡೌನ್‌ಲೋಡ್ ಕೆಟ್ಟಿದೆ, ಮತ್ತೆ ಇಳಿಸಿಕೊಳ್ಳಿ ಎಂದರು. ನಮ್ಮ ಊರಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ಇಂಟರ್ನೆಟ್ ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ:
ನಮಸ್ಕಾರ ಸರ್. ಮತ್ತೆ ಇಳಿಸಿಕೊಳ್ಳುವ ಮಾತು ಸದ್ಯಕ್ಕೆ ಬೇಡ. ಆ ಸಂಖ್ಯೆ ಹೇಳುವುದು ಇಷ್ಟೇ: ಒಂದು ಫೈಲನ್ನು ಓದಲು ಹೋದಾಗ ಅದು ಕೆಟ್ಟಿರುವುದು ಕಂಡುಬಂತು. ಕೆಟ್ಟದ್ದು ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಇಳಿಸಿಕೊಂಡ ಐಎಸ್‌ಒದಲ್ಲಿಯೇ ದೋಷವಿರಬಹುದು, ಪೆನ್‌ಡ್ರೈವ್‌ಗೆ ಬರೆಯುವಾಗ ಆಗಿರಬಹುದು, ರ‍್ಯಾಮ್ ಕೈಕೊಟ್ಟಿರಬಹುದು ಅಥವಾ ವಿಂಡೋಸ್ ಇಳಿಯುತ್ತಿರುವ ಡಿಸ್ಕೇ ಹಾಳಾಗಿರಬಹುದು. ಬೂಟ್ ಆಯಿತೆಂದ ಮಾತ್ರಕ್ಕೆ ಪೆನ್‌ಡ್ರೈವ್ ಸರಿಯಿದೆ ಎಂದೂ ತಿಳಿಯಬೇಡಿ. ಬೂಟ್ ಆಗಲು ಬೇಕಾದ ಫೈಲುಗಳು ಚಿಕ್ಕವು; ವಿಂಡೋಸ್‌ನ ಬಹುಭಾಗ ಸೋರ್ಸಸ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್ ಡಾಟ್ ವಿಮ್ (install.wim) ಎಂಬ ಒಂದೇ ದೊಡ್ಡ ಫೈಲಿನಲ್ಲಿ ಅಡಕವಾಗಿರುತ್ತದೆ, ಮತ್ತು ಅದನ್ನು ಬಿಚ್ಚುವವರೆಗೂ ಅದರೊಳಗಿನ ದೋಷ ಹೊರಗೆ ಬರುವುದಿಲ್ಲ.

ಮೊದಲು ಐಎಸ್‌ಒವನ್ನು ಪರೀಕ್ಷಿಸೋಣ. ಪವರ್‌ಶೆಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಗೆಟ್-ಫೈಲ್‌ಹ್ಯಾಶ್ (Get-FileHash) ಎಂದು ಬರೆದು, ಒಂದು ಜಾಗ ಬಿಟ್ಟು, ಐಎಸ್‌ಒ ಫೈಲನ್ನು ಎಳೆದು ತಂದು ಆ ವಿಂಡೋದೊಳಗೆ ಬಿಟ್ಟು ಎಂಟರ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ 64 ಅಕ್ಷರ, ಅಂಕಿಗಳ ಸಾಲೊಂದು ಬರುತ್ತದೆ. ಇದೇ ಆ ಫೈಲಿನ ಎಸ್‌ಎಚ್‌ಎ-256 ಮೌಲ್ಯ, ಅಂದರೆ ಚೆಕ್‌ಸಮ್. ಇಡೀ ಐಎಸ್‌ಒದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಈ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲಿ ಭಾಷೆ ಆರಿಸಿದ ನಂತರ ಸರಿಯಾದ ಮೌಲ್ಯಗಳ ಪಟ್ಟಿ ಸಿಗುತ್ತದೆ. ಅದನ್ನು ನೋಡಲು ತಗಲುವ ಡೇಟಾ ಅತ್ಯಲ್ಪ. ಇಂಗ್ಲಿಷ್ ಎಂಬ ಸಾಲೂ ಇಂಗ್ಲಿಷ್ ಇಂಟರ್‌ನ್ಯಾಷನಲ್ ಎಂಬ ಸಾಲೂ ಅಲ್ಲಿ ಬೇರೆಬೇರೆ ಇರುವುದರಿಂದ ನೀವು ಇಳಿಸಿಕೊಂಡದ್ದು ಯಾವುದೆಂದು ನೋಡಿಕೊಂಡು ಹೋಲಿಸಿ. ಹಳೆಯ ಆವೃತ್ತಿಯ ಐಎಸ್‌ಒ ಆಗಿದ್ದರೆ ಈಗಿನ ಪಟ್ಟಿಗೆ ಹೊಂದುವುದಿಲ್ಲ. ಅದನ್ನು ದೋಷವೆಂದು ಭಾವಿಸಬಾರದು.

ಒಂದು ಸಲ ನೋಡಿದ ಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಇನ್ನೊಂದು ಸಲ ಅದನ್ನೇ ಮಾಡಿ. ರೀಸ್ಟಾರ್ಟ್ ಮಾಡದಿದ್ದರೆ ಮೊದಲ ಸಲ ಓದಿ ರ‍್ಯಾಮ್‌ನಲ್ಲಿ ಉಳಿದದ್ದನ್ನೇ ವಿಂಡೋಸ್ ಮತ್ತೆ ಕೊಡುವ ಸಾಧ್ಯತೆಯಿದೆ. ಎರಡು ಸಲವೂ ಒಂದೇ ಮೌಲ್ಯ ಬಂದು, ಅದು ಪಟ್ಟಿಗೆ ಹೊಂದದಿದ್ದರೆ ಮಾತ್ರ ಡೌನ್‌ಲೋಡ್‌ನ ಮೇಲೆ ಅನುಮಾನಪಡಬೇಕು. ಒಂದೇ ಫೈಲು ಎರಡು ಸಲ ಎರಡು ಮೌಲ್ಯ ಕೊಟ್ಟರೆ ಫೈಲನ್ನು ದೂರಿ ಫಲವಿಲ್ಲ. ಅದನ್ನು ಓದುತ್ತಿರುವ ಯಂತ್ರದ ರ‍್ಯಾಮ್ ಅಥವಾ ಡಿಸ್ಕ್ ಕೆಟ್ಟಿದೆ ಎಂದರ್ಥ. ಆಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಒಂದು ರಾತ್ರಿ ಓಡಲು ಬಿಡಿ.

ಮರುಪ್ರಶ್ನೆ:
ಧನ್ಯವಾದ ಮೇಡಂ. ಮನೆಯಲ್ಲಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಎರಡು ಸಲ ನೋಡಿದೆ. ಎರಡೂ ಸಲ ಮೌಲ್ಯ ಪಟ್ಟಿಗೆ ಸರಿಯಾಗಿ ಹೊಂದಿತು. ಹಾಗಾದರೆ ಲ್ಯಾಪ್‌ಟಾಪ್‌ನದೇ ತೊಂದರೆಯೇ?

ಉತ್ತರ:
ಇನ್ನೂ ಹಾಗೆ ಹೇಳಲಾಗದು ಸರ್. ನಡುವೆ ಪೆನ್‌ಡ್ರೈವ್ ಇದೆ. ಬರೆದು ಮುಗಿಯಿತು ಎಂದು ರೂಫಸ್ ತೋರಿಸುವುದಕ್ಕೂ, ಬರೆದದ್ದು ಹಾಗೆಯೇ ಮರಳಿ ಸಿಗುವುದಕ್ಕೂ ಅಂತರವಿದೆ. ಪೆನ್‌ಡ್ರೈವ್ ತೆಗೆದು ಮತ್ತೆ ಚುಚ್ಚಿ. ಐಎಸ್‌ಒ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಒಂದು ಡಿಸ್ಕಿನಂತೆ ತೆರೆದುಕೊಳ್ಳುತ್ತದೆ. ಅದರ ಸೋರ್ಸಸ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್ ಡಾಟ್ ವಿಮ್‌ನ ಮೌಲ್ಯವನ್ನೂ ಪೆನ್‌ಡ್ರೈವ್‌ನಲ್ಲಿರುವ ಅದೇ ಫೈಲಿನ ಮೌಲ್ಯವನ್ನೂ ಮೊದಲಿನ ಕ್ರಮದಲ್ಲೇ ತೆಗೆದು ಹೋಲಿಸಿ. ಇಡೀ ಪೆನ್‌ಡ್ರೈವ್‌ನ ಮೌಲ್ಯವನ್ನು ಐಎಸ್‌ಒ ಮೌಲ್ಯದೊಂದಿಗೆ ಹೋಲಿಸಿ ಪ್ರಯೋಜನವಿಲ್ಲ, ಏಕೆಂದರೆ ವಿಂಡೋಸ್ ಐಎಸ್‌ಒವನ್ನು ರೂಫಸ್ ಇದ್ದಂತೆಯೇ ಬರೆಯದೆ ಒಳಗಿನ ಫೈಲುಗಳನ್ನು ಬಿಡಿಸಿ ಹಾಕುತ್ತದೆ.

ಎರಡೂ ಬೇರೆಯಾದರೆ ದೋಷ ಪೆನ್‌ಡ್ರೈವ್‌ನದೇ. ಅದು ಅಗ್ಗಕ್ಕೆ ಸಿಕ್ಕದ್ದಾಗಿದ್ದರೆ ಸುಳ್ಳು ಸಾಮರ್ಥ್ಯದ ಸರಕೋ ಎಂದು ನೋಡಬೇಕು. ಒಳಗೆ ಕೆಲವೇ ಜಿಬಿಯ ಚಿಪ್ ಇಟ್ಟು 64 ಎಂದು ತೋರಿಸುವಂತೆ ಮಾಡಿದ ಪೆನ್‌ಡ್ರೈವ್‌ಗಳು ಮಾರುಕಟ್ಟೆಯಲ್ಲಿವೆ. ನಿಜವಾದ ಜಾಗ ಮುಗಿದ ಮೇಲೂ ಅವು ಬರೆಯುತ್ತಿರುವಂತೆ ನಟಿಸುತ್ತವೆ, ಯಾವ ದೂರನ್ನೂ ಹೇಳುವುದಿಲ್ಲ. ಚಿಕ್ಕ ಫೈಲುಗಳನ್ನಷ್ಟೇ ಹಾಕಿಕೊಂಡವರಿಗೆ ಇದು ವರ್ಷಗಟ್ಟಲೆ ಗೊತ್ತಾಗದೆಯೂ ಹೋಗಬಹುದು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಪೆನ್‌ಡ್ರೈವ್ ತುಂಬುವವರೆಗೆ ಬರೆದು, ಮರಳಿ ಓದಿ, ವ್ಯತ್ಯಾಸವನ್ನು ತೋರಿಸುತ್ತದೆ.

ಎರಡೂ ಒಂದೇ ಆಗಿದ್ದರೆ ಮಾತ್ರ ಲ್ಯಾಪ್‌ಟಾಪ್‌ನ ರ‍್ಯಾಮ್ ಮತ್ತು ಡಿಸ್ಕಿನತ್ತ ತಿರುಗೋಣ. ಅಂದಹಾಗೆ, ಫೈಲುಗಳನ್ನು ಕೈಯಿಂದಲೇ ಪೆನ್‌ಡ್ರೈವ್‌ಗೆ ಪ್ರತಿ ಮಾಡಲು ಹೋಗಬೇಡಿ. ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ 4 ಜಿಬಿಗೆ ಮೀರಿದ ಒಂಟಿ ಫೈಲನ್ನು ಹಿಡಿಸಿಕೊಳ್ಳಲಾರದು, ಈಗಿನ ಇನ್‌ಸ್ಟಾಲ್ ಡಾಟ್ ವಿಮ್ ಆ ಮಿತಿಯನ್ನು ದಾಟಿದೆ.

ಪ್ರಶ್ನಿಸಿದವರು:
ಮೇಡಂ, ಎರಡು ಮೌಲ್ಯಗಳೂ ಬೇರೆಯಾಗಿಯೇ ಬಂದವು. ಬೇರೆ ಪೆನ್‌ಡ್ರೈವ್ ತಂದು ಅದೇ ಐಎಸ್‌ಒವನ್ನು ಬರೆದೆ, ವಿಂಡೋಸ್ ಪೂರ್ತಿಯಾಗಿ ಇಳಿಯಿತು. ಡೇಟಾ ಉಳಿಯಿತು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ನನ್ನದು ಇಂಟೆಲ್ 11ನೇ ತಲೆಮಾರಿನ ಲ್ಯಾಪ್‌ಟಾಪ್. ವಿಂಡೋಸ್ ಹಾಕುವಾಗ ಡಿಸ್ಕ್‌ಗಳ ಪಟ್ಟಿಯೇ ಖಾಲಿ ಬರುತ್ತದೆ. ಇದೂ ಐಎಸ್‌ಒ ದೋಷವೇ?

ಉತ್ತರ:
ಅಲ್ಲ. ಆ ತಲೆಮಾರಿನಿಂದೀಚೆಗೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ವಿಎಂಡಿ ಎಂಬ ಇಂಟೆಲ್ ನಿಯಂತ್ರಕದ ಹಿಂದೆ ಇರುತ್ತದೆ, ಅದರ ಡ್ರೈವರ್ ಇಲ್ಲದೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ, ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿಟ್ಟು ಲೋಡ್ ಡ್ರೈವರ್ ಒತ್ತಿ ತೋರಿಸಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳಲ್ಲಿ) ವಿಎಂಡಿಯನ್ನು ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ, ಆದರೆ ಅದರಲ್ಲಿ ಈಗಾಗಲೇ ಇರುವ ವಿಂಡೋಸ್ ಬೂಟ್ ಆಗದೆ ಹೋಗಬಹುದು.

ಮತ್ತೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ್ದು, ಆದ್ದರಿಂದ ವಿಂಡೋಸ್ 10 ತೆಗೆದು ಅದರ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಲು ನಿರ್ಧರಿಸಿದೆ. ಕೆಲವು ವರ್ಷಗಳ ಹಿಂದೆ ಇಳಿಸಿಟ್ಟ ಐಎಸ್‌ಒ ಇತ್ತು. ಚೆಕ್‌ಸಮ್ ಸರಿಯಿದೆ, ಪೆನ್‌ಡ್ರೈವ್ ಕೂಡ ಒಳ್ಳೆಯದೇ. ಆದರೂ ಬೂಟ್ ಮಾಡಿದೊಡನೆ ಶಿಮ್, ಎಸ್‌ಬಿಎಟಿ, ಸೆಕ್ಯುರಿಟಿ ಪಾಲಿಸಿ ವಯೊಲೇಷನ್ ಎಂಬ ಪದಗಳಿರುವ ಸಂದೇಶ ಬಂದು ಯಂತ್ರ ಆರಿಹೋಗುತ್ತದೆ.

ಉತ್ತರ:
ನಿಮ್ಮ ಐಎಸ್‌ಒ ಕೆಟ್ಟಿಲ್ಲ, ಅದಕ್ಕೆ ವಯಸ್ಸಾಗಿದೆ. ಸೆಕ್ಯೂರ್ ಬೂಟ್ (ನಂಬಲರ್ಹ ಸಹಿ ಇಲ್ಲದ ಪ್ರೋಗ್ರಾಮಿನಿಂದ ಬೂಟ್ ಆಗಲು ಬಿಡದ ಭದ್ರತಾ ವ್ಯವಸ್ಥೆ) ಚಾಲೂ ಇರುವಾಗ ಲಿನಕ್ಸ್ ಬೂಟ್ ಆಗುವುದು ಶಿಮ್ ಎಂಬ ಚಿಕ್ಕ, ಸಹಿ ಮಾಡಿದ ಪ್ರೋಗ್ರಾಮಿನ ಮೂಲಕ. ಭದ್ರತಾ ದೋಷವಿದ್ದ ಹಳೆಯ ಶಿಮ್‌ಗಳನ್ನು ತಡೆಯುವ, ಎಸ್‌ಬಿಎಟಿ ಎಂಬ ವ್ಯವಸ್ಥೆಯ ನಿಯಮವೊಂದನ್ನು ಮೈಕ್ರೋಸಾಫ್ಟ್ 2024ರ ಆಗಸ್ಟ್ ತಿಂಗಳ ಅಪ್‌ಡೇಟ್‌ನಲ್ಲಿ ಸೇರಿಸಿತು. ವಿಂಡೋಸ್ ಜೊತೆಗೆ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಮಂದಿಗೂ ಆಗ ಇದೇ ಸಂದೇಶ ಎದುರಾಗಿತ್ತು. ಆ ನಿಯಮ ಕುಳಿತಿರುವುದು ಮದರ್‌ಬೋರ್ಡಿನ ಫರ್ಮ್‌ವೇರ್ ಸ್ಮೃತಿಯಲ್ಲಿ, ಹಾಗಾಗಿ ಡಿಸ್ಕನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಿದರೆ ಬೂಟ್ ಆಗುತ್ತದೆ, ನಿಜ. ಆದರೆ ನನ್ನ ಸಲಹೆ ಹೊಸ ಐಎಸ್‌ಒವನ್ನೇ ಇಳಿಸಿಕೊಳ್ಳುವುದು. ಸಂಪರ್ಕ ಪದೇಪದೇ ಕಡಿಯುವಂತಿದ್ದರೆ ಟೊರೆಂಟ್ ಮೂಲಕ ಇಳಿಸಿ. ಅದು ಫೈಲನ್ನು ತುಂಡು ತುಂಡಾಗಿ ತಂದು, ಪ್ರತಿ ತುಂಡನ್ನೂ ತಾನೇ ಪರೀಕ್ಷಿಸಿ, ಕೆಟ್ಟ ತುಂಡನ್ನು ಮಾತ್ರ ಮತ್ತೆ ತರುತ್ತದೆ.

ಮಿಂಟ್ ಎಂದಿರಾದ್ದರಿಂದ ಇನ್ನೊಂದು ವಿಷಯ. 2016ರ ಫೆಬ್ರವರಿ 20ರಂದು ಮಿಂಟ್‌ನ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟ ಐಎಸ್‌ಒದತ್ತ ತಿರುಗಿಸಿದ್ದರು. ತಾಣವೇ ಅವರ ಕೈಯಲ್ಲಿದ್ದಾಗ ಅಲ್ಲಿ ಬರೆದಿರುವ ಚೆಕ್‌ಸಮ್ ಅನ್ನೂ ಬದಲಾಯಿಸಬಹುದು. ಫೈಲ್ ದಾರಿಯಲ್ಲಿ ಕೆಡಲಿಲ್ಲ ಎಂಬುದಕ್ಕಷ್ಟೇ ಚೆಕ್‌ಸಮ್ ಸಾಕು. ಅದು ಮಿಂಟ್‌ನವರೇ ಕೊಟ್ಟದ್ದೇ ಎಂದು ತಿಳಿಯಲು ಚೆಕ್‌ಸಮ್ ಪಟ್ಟಿಯ ಜೊತೆ ಸಿಗುವ ಜಿಪಿಜಿ ಎಂಬ ಡಿಜಿಟಲ್ ಸಹಿಯನ್ನು ಪರಿಶೀಲಿಸಬೇಕು. ಸಹಿ ಮಾಡಿದವರ ಕೀಲಿಯ ಬೆರಳಚ್ಚನ್ನು (ಆ ಕೀಲಿಯನ್ನು ಗುರುತಿಸುವ ಅಕ್ಷರ, ಅಂಕಿಗಳ ಸಾಲನ್ನು) ಮಾತ್ರ ಐಎಸ್‌ಒ ತಂದ ಪುಟದಿಂದಲೇ ತೆಗೆದುಕೊಳ್ಳದೆ ಬೇರೊಂದು ಮೂಲದಲ್ಲಿ ನೋಡಿ ಹೋಲಿಸಿ.