ಅಪ್‌ಡೇಟ್: ಶೋನಾ ಮಾತಿಗೆ ಜನ ಸಿಕ್ಕಿದರು

ಹೋದ ವಾರ ಕೇಳಿದ್ದೆನಲ್ಲ, ಜಿಂಬಾಬ್ವೆಯ ಹರಾರೆಯಲ್ಲಿರುವ ತಮ್ಮನ ಅತ್ತೆಗೆ ಅಲ್ಲಿನ ಶೋನಾ ಭಾಷೆ ಮಾತ್ರ ಬರುವುದು, ಬದಿಯಡ್ಕದ ನಮ್ಮ ಅಮ್ಮನಿಗೆ ಕನ್ನಡ, ತುಳು. ಫೋನಲ್ಲಿ ಮಾತಾಡಿಸುವುದು ಹೇಗೆ ಅಂತ. ಕೆಲಸ ಆಯಿತು.

ಒಂದು ಏಜೆನ್ಸಿಯವರು ಸ್ವಾಹಿಲಿ ಬಲ್ಲವರನ್ನು ಕೊಡುತ್ತೇವೆ ಅಂದರು. ಅದು ಪೂರ್ವ ಆಫ್ರಿಕಾದ ಬೇರೆಯೇ ಭಾಷೆ. ಕನ್ನಡ ಕೇಳಿದವರಿಗೆ ತಮಿಳು ಕೊಟ್ಟ ಹಾಗೆ! ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಶೋನಾ ಇದೆ. ಮೆಸೇಜಿಗೆ ಸಾಕು, ಮಾತುಕತೆಗೆ ಆಗಲಿಲ್ಲ.

ಮಂಗಳೂರಲ್ಲಿ ಓದುವ ಜಿಂಬಾಬ್ವೆಯ ಮಕ್ಕಳನ್ನು ವಿಚಾರಿಸಿ ಅಂದಿದ್ದಿರಲ್ಲ, ಅದೇ ಸರಿಹೋಯಿತು. ಒಬ್ಬಳು ಶೋನಾದಿಂದ ಇಂಗ್ಲಿಷಿಗೆ, ನಾನು ಅಲ್ಲಿಂದ ಕನ್ನಡಕ್ಕೆ. ಅವಳು ಮೊದಲು ಕೇಳಿದ್ದೇ 'ಅವರು ಯಾವ ಕಡೆಯವರು?' ಅಂತ. ಶೋನಾದಲ್ಲೂ ಜೆಜುರು, ಕರಂಗಾ, ಮನ್ಯಿಕಾ ಅಂತ ಬಗೆಗಳಿವೆ. ನೀವೂ ಊರು ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಗೆ ಅತ್ತೆ 'ಮೈತಾ ಬಾಸಾ' ಅಂದರು. ಥ್ಯಾಂಕ್ಸ್ ಅಂತ ಅರ್ಥ, ಆದರೆ ಪದಕ್ಕೆ ಪದ ನೋಡಿದರೆ 'ಕೆಲಸ ಮಾಡಿದಿರಿ'. ಅಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, 'ನಾನೆಂಥ ಕೆಲಸ ಮಾಡಿದೆ ಮಾರಾಯಾ?' ಅಂತ ನಕ್ಕರು.